ಅಲೆ ಎಬ್ಬಿಸಬಾರದ ಎರಡು ಮೈಲಿ

ಆರಿನ್ ಕಲ್‌ಬ್ರೆತ್ ತನ್ನ ಅರವತ್ತೊಂಬತ್ತು ವರ್ಷಗಳಲ್ಲಿ ಯಾರ ಮನೆಯ ಮುಂದೂ ಅಲೆ ಎಬ್ಬಿಸಿದವನಲ್ಲ. ಬೇಕಾದರೆ ಕ್ವಿಲ್ ದ್ವೀಪದಲ್ಲಿ ಯಾರನ್ನಾದರೂ ಕೇಳಿ. ಮೂವತ್ತು ಮನೆಗಳ, ಸೇತುವೆಯಿಲ್ಲದ ಊರು ನಮ್ಮದು. ಉಪ್ಪಿಗೂ ದೋಣಿ, ಮದುವೆಗೂ ದೋಣಿ, ಹೆಣಕ್ಕೂ ದೋಣಿ. ಇಂಥಲ್ಲಿ ಒಬ್ಬನ ಅಲೆ ಇನ್ನೊಬ್ಬನ ದೋಣಿಕಟ್ಟೆಗೆ ಬಡಿದರೆ ಮಕ್ಕಳ ಕಾಲದವರೆಗೂ ಮಾತು ನಿಂತುಹೋಗುತ್ತದೆ.

ಅವನಿಗೆ ದೋಣಿ ಕಲಿಸಿದ್ದು ಅಪ್ಪ. ಅಪ್ಪ ಕಲಿಸಿದ್ದು ಒಂದೇ ಮಾತು: "ಓಡು, ಇಲ್ಲಾ ತೆವಳು. ಮಧ್ಯದಲ್ಲಿ ಮಾತ್ರ ಇರ್ಬೇಡ." ಪೂರ್ತಿ ವೇಗದಲ್ಲಿ ಚಪ್ಪಟೆ ತಳದ ದೋಣಿ ನೀರಿನ ಮೇಲೆ ಹತ್ತಿ ಕೂರುತ್ತದೆ, ಹಿಂದೆ ಉಳಿಯುವುದು ತೆಳ್ಳನೆಯ ನೊರೆಯ ಗೆರೆ ಅಷ್ಟೆ. ಅರ್ಧ ವೇಗದಲ್ಲಿ ಅದರ ಹಿಂಭಾಗ ಇಳಿದು ನೀರನ್ನು ನೇಗಿಲಿನ ಹಾಗೆ ಉಳುತ್ತದೆ, ಸೊಂಟದೆತ್ತರದ ಅಲೆ ಏಳುತ್ತದೆ. ಅದಕ್ಕೇ ನಮ್ಮ ಬೆಸ್ತರು ಮನೆಗಳ ಮುಂದೆ ಹಾಯುವಾಗ ಓಡಿಯೇ ಹಾಯುತ್ತಿದ್ದರು. ಅದು ಒಂದು ಮರ್ಯಾದೆ. ಆರಿನ್ ಮಲ್ಲೆಟ್ ಮೀನು ಹಿಡಿದು, ಏಡಿಯ ಪಂಜರ ಇಳಿಸಿ, ಐವತ್ತು ವರ್ಷ ಈ ಮರ್ಯಾದೆಯಲ್ಲೇ ಬಾಳಿದ. ಮಕ್ಕಳಿಲ್ಲ. ಹೆಂಡತಿ ವರ್ನಾ ಇದ್ದಳು, ಮಾತಿನಲ್ಲಿ ಹತ್ತು ಮಕ್ಕಳಿಗೆ ಸಮ.

ಆಮೇಲೆ ದ್ವೀಪಕ್ಕೂ ದಡಕ್ಕೂ ನಡುವಿನ ಕಾಲುವೆಯುದ್ದಕ್ಕೂ ದಡದ ಕಡೆ ಹೊಸ ಮನೆಗಳೆದ್ದವು. ಮನೆಗೊಂದು ಕಟ್ಟೆ, ಕಟ್ಟೆಗೊಂದು ಮೂರು ಎಂಜಿನ್ನಿನ ದೋಣಿ. ಆ ದೋಣಿಗಳ ಅಲೆಗೆ ಅವರವರ ಕಟ್ಟೆಗಳೇ ಅಲುಗಾಡಿದಾಗ ಅವರೇ ಅರ್ಜಿ ಹಾಕಿದರು. ತಾವೇ ಕೆರೆದು ತಾವೇ ಮುಲಾಮು ಕೇಳುವ ಜನ! ಮೊದಲು ಮುನ್ನೂರು ಗಜ ಇದ್ದ ನಿಷೇಧ ಈಗ ಎರಡು ಮೈಲಿಯಾಯಿತು. ನೀರಲ್ಲಿ ನೆಟ್ಟ ಕಂಬಕ್ಕೊಂದು ಬೋರ್ಡು: ಅಲೆ ಎಬ್ಬಿಸಬಾರದು, ತೆವಳುವ ವೇಗ ಮಾತ್ರ. ಓಡಿದರೆ ಆರು ನಿಮಿಷದ ದಾರಿ, ತೆವಳಿದರೆ ಅರ್ಧ ಗಂಟೆಗೂ ಮೇಲೆ.

ಅದೇ ವರ್ಷ ವರ್ನಾಳ ಕಿಡ್ನಿ ಕೈಕೊಟ್ಟಿತು. ಸೋಮವಾರ, ಬುಧವಾರ, ಶುಕ್ರವಾರ ದಡದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಹೋಗುವಾಗ ಅವಳಿಗೇನೂ ಅವಸರವಿರಲಿಲ್ಲ. ಬರುವಾಗ ಮಾತ್ರ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಮೂರು ಕಂಬಳಿ ಹೊದಿಸಿದರೂ ನಡುಕ ನಿಲ್ಲುತ್ತಿರಲಿಲ್ಲ. ತೆವಳುವ ದೋಣಿಯ ತೂಗಾಟಕ್ಕೆ ವಾಂತಿ ಬೇರೆ.

"ಏ ಮುದುಕ, ಬೇಗ ಮನೆ ಸೇರ್ಸೋ," ಎನ್ನುತ್ತಿದ್ದಳು. "ಇಲ್ಲೇ ಸತ್ರೆ ಏಡಿಗೆ ಹಾಕ್ಬಿಡ್ತೀಯ ನನ್ನ."

"ಏಡೀನೂ ಮುಟ್ಟಲ್ಲ ನಿನ್ನ. ಒಳಗೆಲ್ಲಾ ಬರೀ ಔಷಧಿ," ಎನ್ನುತ್ತಾ ಆರಿನ್ ಓಡಿಸುತ್ತಿದ್ದ.

ಮೊದಲನೇ ಸಲ ಹಿಡಿದವನು ಡಾಲ್ಟನ್ ಪೀವಿ, ನೀರಿನ ಪೊಲೀಸು. ನಮ್ಮೂರ ಹುಡುಗನೇ, ಆರಿನ್‌ನ ದೋಣಿಯಲ್ಲೇ ಬಲೆ ಬೀಸಲು ಕಲಿತವನು. ದಂಡದ ಟಿಕೆಟ್ ಬರೆಯುವಾಗ ಅವನ ಕಿವಿ ಕೆಂಪಾಗಿತ್ತು.

"ಓಡಿದ್ರೇ ಅಲೆ ಕಮ್ಮಿ ಕಣೋ," ಎಂದ ಆರಿನ್. "ಹಿಂದೆ ತಿರುಗಿ ನೋಡು. ಏನಾದ್ರೂ ಕಾಣ್ಸುತ್ತಾ?"

"ನನಗ್ಗೊತ್ತು ಮಾವ. ನಮ್ಮಪ್ಪಾನೂ ಅದೇ ಹೇಳ್ಕೊಟ್ಟಿದ್ದು. ಆದ್ರೆ ಬೋರ್ಡಿಗೆ ಗೊತ್ತಿಲ್ವಲ್ಲ."

ಎರಡನೇ ಸಲವೂ ಅವನೇ. ಆಗ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ: "ಮಾವ, ಕಾಲು ಹಿಡ್ಕೊಂತೀನಿ. ಮೂರನೇದು ನ್ಯಾಯಾಧೀಶರ ಹತ್ರ ಹೋಗುತ್ತೆ. ದೋಣಿ ನಡೆಸೋ ಲೈಸೆನ್ಸೇ ಕಿತ್ಕೊಂತಾರೆ. ಆಮೇಲೆ ಅತ್ತೇನ ಯಾರು ಕರ್ಕೊಂಡು ಬರ್ತಾರೆ?"

ಅಂದಿನಿಂದ ಆರಿನ್ ತೆವಳಿದ. ಐದು ವಾರ ತೆವಳಿದ. ವರ್ನಾ ಬಕೆಟ್ಟಿನ ಮೇಲೆ ಬಗ್ಗಿ ಕೂತಿರುವಾಗ, ಕಟ್ಟೆಗಳ ಮೇಲೆ ಕಾಫಿ ಕುಡಿಯುವ ಜನ ಕೈಬೀಸುವಾಗ, ಹಲ್ಲು ಕಚ್ಚಿಕೊಂಡು ತೆವಳಿದ.

ಆರನೇ ವಾರದ ಶುಕ್ರವಾರ ಡಯಾಲಿಸಿಸ್ ಮುಗಿದ ಮೇಲೆ ವರ್ನಾ ಬೈಯಲಿಲ್ಲ. ಅವನಿಗೆ ಭಯವಾಗಿದ್ದು ಅದಕ್ಕೇ. ದೋಣಿಯ ಹಿಂಬದಿಯಲ್ಲಿ ಗಾಳಿ ತಾಗದ ಹಾಗೆ ಕೂರಿಸಿದರೆ ಅವಳ ಕತ್ತು ಒಂದು ಕಡೆಗೆ ವಾಲಿತು. "ವರ್ನಾ?" ಎಂದ. "ಹೂಂ," ಎಂದಳು, ಅಷ್ಟೆ. ಅವನು ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟ. ದೋಣಿ ನೀರಿನ ಮೇಲೆ ಹತ್ತಿ ಕೂತಿತು.

ಅರ್ಧ ದಾರಿಯಲ್ಲಿ ಹೊಸ ಮನೆಯ ಹೆಂಗಸೊಬ್ಬಳು ಹಳದಿ ಪ್ಲಾಸ್ಟಿಕ್ಕಿನ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದಳು. ಆರಿನ್ ಐವತ್ತು ವರ್ಷ ಮಾಡಿದ್ದನ್ನೇ ಮಾಡಿದ: ವೇಗ ಇಳಿಸದೆ, ದೂರದಿಂದ ಬಳಸಿಕೊಂಡು ಹೊರಟ. ಹಾಗೇ ಹೋಗಿದ್ದರೆ ಅವಳ ಹುಟ್ಟಿನ ತುದಿಯೂ ಅಲುಗುತ್ತಿರಲಿಲ್ಲ. ಆದರೆ ಅವಳನ್ನು ದಾಟುವ ಹೊತ್ತಿಗೆ ಮುಂದಿನ ಕಂಬದ ಹಿಂದೆ ಪೊಲೀಸ್ ದೋಣಿಯ ನೀಲಿ ಪಟ್ಟೆ ಕಂಡಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಆ ಆಸೆಗೆ ಅವನ ಕೈ ತಾನಾಗಿ ಎಂಜಿನ್ನಿನ ವೇಗವನ್ನು ಪೂರ್ತಿ ಇಳಿಸಿಬಿಟ್ಟಿತು.

ಓಡುವ ದೋಣಿಯನ್ನು ಜನರ ಪಕ್ಕ ತಟ್ಟನೆ ತಡೆಯಬಾರದು. ನಮ್ಮೂರ ಐದು ವರ್ಷದ ಕೂಸಿಗೂ ಗೊತ್ತು. ದೋಣಿ ಕುಸಿದು ಕೂತಿತು, ಬೆನ್ನ ಹಿಂದೆ ಓಡಿಬರುತ್ತಿದ್ದ ನೀರೆಲ್ಲ ಒಟ್ಟಿಗೆ ಎದ್ದಿತು. ಅರ್ಧ ಹಿಂದಿನಿಂದ ಹತ್ತಿ ವರ್ನಾಳ ಕಂಬಳಿಗಳ ಮೇಲೆ ಸುರಿಯಿತು. ಉಳಿದದ್ದು ಹಳದಿ ದೋಣಿಯನ್ನು ಮಗುಚಿ ಹಾಕಿತು. ಕಾನೂನು ಮೀರಿದಾಗ ಯಾರಿಗೂ ಏನೂ ಮಾಡದವನಿಂದ, ಪಾಲಿಸಲು ಹೋದ ಒಂದು ಗಳಿಗೆಯಲ್ಲಿ ಎಲ್ಲವೂ ಆಗಿಹೋಯಿತು.

ಹೆಂಗಸಿಗೆ ಪೆಟ್ಟಾಗಲಿಲ್ಲ. ಡಾಲ್ಟನ್ ಅವಳನ್ನು ಎತ್ತಿ ತನ್ನ ದೋಣಿಗೆ ಹಾಕಿಕೊಂಡ. ತನ್ನ ಕೋಟನ್ನು ವರ್ನಾಳಿಗೆ ಹೊದಿಸಿದ. ಆಮೇಲೆ ಟಿಕೆಟ್ ಬರೆದ.

"ಯಾಕ್ ಮಾವ ನಿಲ್ಸಿದ್ರಿ?" ಎಂದ. ಅವನ ಕಣ್ಣಲ್ಲಿ ನೀರಿತ್ತು. "ಓಡಿದ್ರೆ ನಾನು ಆ ಕಡೆ ನೋಡ್ತಿದ್ದೆ. ಇವತ್ತು ಅದಕ್ಕೇ ಬೆನ್ನು ತಿರುಗಿಸ್ಕೊಂಡು ನಿಂತಿದ್ದೆ."

ಆರಿನ್ ವರ್ನಾಳ ಒದ್ದೆ ಕಂಬಳಿಗಳನ್ನು ಹಿಂಡತೊಡಗಿದ.

ನ್ಯಾಯಾಲಯದಲ್ಲಿ ಹೇಳಬೇಕೆಂದು ಅವನು ಒಂದು ವಾರ ಮಾತು ಕಟ್ಟಿಕೊಂಡಿದ್ದ. ಓಟ, ನೇಗಿಲು, ನೊರೆ, ಅಪ್ಪನ ಮಾತು, ಎಲ್ಲ. ನ್ಯಾಯಾಧೀಶೆ ಒಳ್ಳೆಯ ಹೆಂಗಸು. ಕುರ್ಚಿ ಹಾಕಿಸಿ ಕೂರಿಸಿ, ಕೇಳಿದ್ದು ಒಂದೇ ಪ್ರಶ್ನೆ.

"ಆ ಅಲೆ ನಿಮ್ಮ ದೋಣೀದೇನಾ, ಕಲ್‌ಬ್ರೆತ್ ಅವರೇ?"

ಐವತ್ತು ವರ್ಷದಲ್ಲಿ ಅವನು ಎಬ್ಬಿಸಿದ ಒಂದೇ ಒಂದು ಅಲೆ ಅದು. ನಾಚಿಕೆಯಿಂದ ಅವನು ಕುರ್ಚಿಯಿಂದ ಎದ್ದು ನಿಂತ. "ಹೌದಮ್ಮ. ನಂದೇ," ಎಂದ. ಆರು ತಿಂಗಳು ಎಂಜಿನ್ ದೋಣಿ ಮುಟ್ಟಬಾರದು ಎಂದಾಯಿತು.

ಊರಿನವರು ಕೈಬಿಡಲಿಲ್ಲ. ಆದರೆ ಏಡಿಯ ಕಾಲ ಶುರುವಾಗಿತ್ತು, ಬೆಳಗಿನ ಜಾವ ಹೊರಟ ದೋಣಿಗಳು ಬರುವುದು ಸಂಜೆಗೆ. ಪಕ್ಕದ ಮನೆಯ ಹಾಯ್ಟ್ ನಾಲ್ಕು ಸಲ ತನ್ನ ಪಂಜರಗಳನ್ನು ನೀರಲ್ಲೇ ಬಿಟ್ಟು ವರ್ನಾಳನ್ನು ಕರೆದೊಯ್ದ. ಐದನೇ ಸಲ ಅವನನ್ನು ಕೇಳಲು ಆರಿನ್‌ಗೆ ಬಾಯಿ ಬರಲಿಲ್ಲ. "ಹುಟ್ಟು ಹಾಕೋಕೆ ಯಾರಪ್ಪನ ಅಪ್ಪಣೆ ಬೇಕು?" ಎಂದು ಹಳೆಯ ಪುಟ್ಟ ದೋಣಿ ಇಳಿಸಿ ಅವಳನ್ನು ಕೂರಿಸಿಕೊಂಡು ಹೊರಟ. ಕಾಲುವೆಯ ನಡುವೆ ಸಮುದ್ರದ ಇಳಿತದ ಸೆಳೆತ ಎದುರಾಯಿತು. ಅವನು ಹತ್ತು ಗಜ ಎಳೆದರೆ ನೀರು ಎಂಟು ಗಜ ಹಿಂದಕ್ಕೆ ಎಳೆಯಿತು. ಆಸ್ಪತ್ರೆ ಸೇರುವ ಹೊತ್ತಿಗೆ ಅವಳ ಜಾಗದಲ್ಲಿ ಬೇರೆಯವರು ಮಲಗಿದ್ದರು. ಆ ರಾತ್ರಿ ಅವಳ ಕಾಲು ಬಾತು ಕಂಬವಾಯಿತು, ಉಸಿರು ಸಿಕ್ಕಿಕೊಂಡಿತು.

ಬೆಳಿಗ್ಗೆ ವರ್ನಾ ತಾನೇ ಹೇಳಿದಳು. "ಆಸ್ಪತ್ರೆ ಪಕ್ಕದ ಆಶ್ರಮದಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತೆ."

"ಒಂದೇನಾ?"

"ಒಂದೇ. ಕಾಯಿಲೆಯವರಿಗೆ ಮಾತ್ರ. ನಿನಗೇನಾಗಿದೆ ರೋಗ, ಗೂಳಿ ಹಾಗಿದ್ದೀಯ."

"ಆರು ತಿಂಗಳು ತಾನೆ ವರ್ನಾ. ಆಮೇಲೆ ನಾನೇ ಬಂದು—"

"ಆಮೇಲಿನ ಮಾತು ಆಮೇಲೆ." ಅವಳು ಆರು ತಿಂಗಳು ಉಳಿಯುವುದೇ ಅನುಮಾನ ಎಂದು ವೈದ್ಯರು ಇಬ್ಬರಿಗೂ ಹೇಳಿದ್ದರು. ಅದನ್ನು ಅವರು ಮನೆಯಲ್ಲಿ ಬಾಯಿಬಿಟ್ಟು ಆಡಿರಲಿಲ್ಲ. "ಹುಟ್ಟು ಹಾಕ್ಕೊಂಡು ಬರ್ಬೇಡ. ಎದೆ ಒಡ್ಕೊಂಡು ಸಾಯ್ತೀಯ. ಮಾತು ಕೊಡು."

ಅವನು ಕೊಟ್ಟ. ಕೊಡದೆ ಏನು ಮಾಡಿಯಾನು?

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹಾಯ್ಟ್ ದೋಣಿ ತಂದ. ಆರಿನ್ ಹತ್ತಲು ಹೋದರೆ ವರ್ನಾ ಅವನ ಎದೆಗೆ ಕೈಯಿಟ್ಟು ತಡೆದಳು. "ನೀನು ಬಂದ್ರೆ ಆ ಕಡೆ ಇಳಿಯೋಕಾಗಲ್ಲ ನನ್ನ ಕೈಲಿ. ಇಲ್ಲೇ ನಿಲ್ಲು."

ಅವನು ಕಟ್ಟೆಯ ತುದಿಯಲ್ಲಿ ನಿಂತ. ಕಾಲುವೆ ಕೋಲಿನಂತೆ ನೇರ, ನೀರು ಕನ್ನಡಿ. ಅವಳು ಹಿಂಬದಿಯಲ್ಲಿ ಅವನಿಗೆ ಮುಖಮಾಡಿ ಕೂತಿದ್ದಳು. ಮೊದಮೊದಲು ಕೈಬೀಸಿದಳು. ಆಮೇಲೆ ಕೈಸೋತು ಮಡಿಲಲ್ಲಿ ಇಟ್ಟುಕೊಂಡಳು. ಐದು ನಿಮಿಷವಾದರೂ ಅವಳು ಕಣ್ಣಿಂದ ಮರೆಯಾಗಲಿಲ್ಲ, ಮೂಗು ಒರೆಸಿಕೊಳ್ಳುವುದೂ ಕಾಣುತ್ತಿತ್ತು. "ಓಡ್ಸೋ ಹಾಯ್ಟ್! ಓಡ್ಸೋ!" ಎಂದು ಆರಿನ್ ಗಂಟಲು ಹರಿದುಹೋಗುವಂತೆ ಕೂಗಿದ. ಹಾಯ್ಟ್ ಕೇಳಿಸಿಕೊಂಡು ಒಮ್ಮೆ ತಿರುಗಿ ನೋಡಿದ, ಕಂಬದ ಮೇಲಿನ ಬೋರ್ಡು ನೋಡಿದ, ಅರ್ಧ ಗಂಟೆಯೂ ಹಾಗೆಯೇ ತೆವಳಿಕೊಂಡು ಹೋದ.