ತೊಳೆದ ಕಾಲು ತೊಳೆಯುವವರು

ಮಂಡ್ಯದ ನಮ್ಮ ಕ್ರೈಸ್ತ ಸಭೆಯಲ್ಲಿ ಅರುಂಧತಿಗೆ ಸಿಕ್ಕಷ್ಟು ತಾಳ್ಮೆಯ ಉಪದೇಶ ಬೇರೆ ಯಾರಿಗೂ ಸಿಕ್ಕಿಲ್ಲ. ಇಪ್ಪತ್ನಾಲ್ಕರ ಹುಡುಗಿ, ವಿ.ಸಿ. ಫಾರಂ ಗದ್ದೆಯಲ್ಲಿ ಕೂಲಿ. ಯುವಜನ ಸಂಘದಲ್ಲಿ ಚಾಪೆ ಹಾಸುವುದು, ಸುತ್ತುವುದು ಅವಳ ಪಾಲು. ಬೈಬಲ್ ಪಾಠ ಓದುತ್ತೇನೆಂದರೆ "ತಾಳ್ಮೆ ಇರಲಿ ಕಣಮ್ಮ", ಹಾಡುತ್ತೇನೆಂದರೆ "ತಗ್ಗಿ ನಡೀಬೇಕು." ಹೇಳುವವನು ಸಂಘದ ಅಧ್ಯಕ್ಷ ರೂಬೇನ. ಅವನು ತಗ್ಗಿದ್ದನ್ನು ನಾನು ನೋಡಿದ್ದು ಬೈಕಿನ ಕನ್ನಡಿಯಲ್ಲಿ ಕ್ರಾಪು ತಿದ್ದಿಕೊಳ್ಳುವಾಗ ಮಾತ್ರ.

ಶುಭ ಶುಕ್ರವಾರದ ಹಿಂದಿನ ಸಂಜೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಹನ್ನೆರಡು ಜನರ ಪಾದ ತೊಳೆಯುವುದು ನಮ್ಮ ಪದ್ಧತಿ. ಆ ಹನ್ನೆರಡೂ ಜನ ಮನೆಯಲ್ಲೇ ಹಿಮ್ಮಡಿ ಉಜ್ಜಿ, ಪೌಡರ್ ಬಳಿದುಕೊಂಡು ಬರುವುದೂ ಪದ್ಧತಿಯೇ. ತೊಳೆಯುವವರಿಗೆ ಮುಜುಗರ ಆಗಬಾರದಲ್ಲ! ಈ ಸಲ ಪಾದ್ರಿ ಅಯ್ಯನವರು ತೊಳೆಯುವ ಕೆಲಸವನ್ನು ಯುವಜನ ಸಂಘಕ್ಕೆ ಬಿಟ್ಟರು. ತೊಳೆಸಿಕೊಳ್ಳುವವರ ಸಾಲಿನ ಕೊನೆಯ ಕುರ್ಚಿ ಅರುಂಧತಿಗೆ ಎಂದರು. ರೂಬೇನ ತನ್ನ ವಿನಯಕ್ಕೆ ಫ್ಲೆಕ್ಸ್ ಹಾಕಿಸಿದ. ಅದರಲ್ಲಿ ಅವನ ಮುಖ ಎಷ್ಟು ದೊಡ್ಡದೆಂದರೆ, ಯೇಸುಸ್ವಾಮಿ ಮೂಲೆಯಲ್ಲಿ ಒತ್ತರಿಸಿಕೊಂಡು ನಿಂತಿದ್ದರು. ಫೋಟೋದವನೂ ಬಂದ.

ಅರುಂಧತಿಯ ಬಸ್ಸು ತಡವಾಯಿತು. ಕಳೆ ಕಿತ್ತ ಗದ್ದೆಯಿಂದ ನೇರ ಬಂದವಳ ಕಾಲಲ್ಲಿ ಕೆಸರು ಒಣಗಿತ್ತು. ಬಂದು ಕುರ್ಚಿಯಲ್ಲಿ ಕೂತಳು.

ಪೌಡರ್ ಪಾದಗಳಿಗೆಲ್ಲ ನೀರು ಚಿಮುಕಿಸುತ್ತ ಬಂದ ರೂಬೇನ ಅವಳೆದುರು ನಿಂತುಬಿಟ್ಟ. "ಇದೇನಮ್ಮಿ ಅವತಾರ? ಎದ್ದೋಗಿ ನಲ್ಲೀಲಿ ತೊಳ್ಕಂಡ್ ಬಾ. ಫೋಟೋ ಆಳಾಯ್ತದೆ."

"ನಾನೇ ತೊಳ್ಕಂಡ್ ಬಂದ್ರೆ ನೀನ್ ತೊಳ್ಯೋದೇನ್ಲಾ? ಪೌಡ್ರಾ?"

ಹಿರಿಯರಾದ ಶಿವರಾಮು "ತಾಳ್ಮೆ, ತಾಳ್ಮೆ" ಎಂದರು, ಯಥಾಪ್ರಕಾರ ಅವಳಿಗೇ. ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಮಾತ್ರ ಎಂದಿನಂತೆ ಚಾಪೆ ಬಿಟ್ಟು ಏಳಲಿಲ್ಲ.

ಅರುಂಧತಿ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದಳು. "ನಂಗೇ ಯೋಳ್ತೀರಲ್ಲಣ್ಣ! ಇಷ್ಟ್ ವರ್ಸ ಚಾಪೆ ಸುತ್ತಿವ್ನಿ. ಈಗ ಒಂದ್ ಕುರ್ಚಿ ಸಿಕ್ಕದೆ. ನಾ ಏಳಾಕಿಲ್ಲ. ಬಗ್ಗದಾದ್ರೆ ಬಗ್ಲಿ, ಇಲ್ಲಾಂದ್ರೆ ಆ ಫ್ಲೆಕ್ಸ್ ಬಿಚ್ಚಾಕ್ಲಿ!"

ಪಾದ್ರಿ ಅಯ್ಯನವರು ತಮ್ಮ ನಿಲುವಂಗಿಯ ತೋಳು ಮಡಿಸತೊಡಗಿದರು. ಅವರು ಬಗ್ಗಿದರೆ ಫೋಟೋ ಅವರದಾಗುತ್ತದೆ! ರೂಬೇನ ದಡಬಡನೆ ಮಂಡಿಯೂರಿದ.

ಚಿಮುಕಿಸಿದ ನೀರಿಗೆ ಕೆಸರು ಜಗ್ಗಲಿಲ್ಲ. ಉಜ್ಜಿದ. ಬಿಳಿ ಪ್ಯಾಂಟು ಒದ್ದೆಯಾಯಿತು, ಕ್ರಾಪು ಕಣ್ಣಿಗೆ ಬಿತ್ತು. ಫೋಟೋದವನು ಬೇಸತ್ತು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ.

"ಬೆರಳ್ ಸಂದೀಲಿ ಇನ್ನೂ ಅದೆ," ಎಂದಳು ಅವಳು. ಮುಖದಲ್ಲಿ ನಗುವಿರಲಿಲ್ಲ.

ಆರಾಧನೆ ಮುಗಿದದ್ದೇ ಎದ್ದು ತನ್ನೂರು ಕೆರಗೋಡಿನ ಬಸ್ಸಿಗೆ ಹೊರಟಳು. ಚಾಪೆಗಳು ಹಾಸಿದ ಹಾಗೇ ಬಿದ್ದಿದ್ದವು. ಯಾರು ಮೊದಲು ಬಗ್ಗುತ್ತಾರೋ ಎಂದು ಪೌಡರ್ ಕಾಲಿನವರೂ ನಾವೂ ಕಾಯುತ್ತ ನಿಂತೆವು.