ತಳ್ಳಿದರೆ ಮಾತ್ರ ಹೊರಡುವ ಕಾರು

ವರ್ತಕ ನಗರದ ನಮ್ಮ ಕಟ್ಟಡದ ಕೆಳಗೆ, ನನ್ನ ಗಂಡನ ದೇಹವನ್ನು ಶವವಾಹನಕ್ಕೆ ಏರಿಸಿ ಬಾಗಿಲು ಹಾಕಿದ್ದೇ ತಡ, ನೆರೆಮನೆಗಳ ಗಂಡಸರು ಅದರ ಹಿಂದೆ ಸಾಲಾಗಿ ನಿಂತು ಜೋರಾಗಿ ತಳ್ಳತೊಡಗಿದರು.

"ಅರೇ ಸಾಬ್, ಗಾಡಿ ಚಾಲೂ ಹೈ!" ಎಂದು, ಆಗಲೇ ಎಂಜಿನ್ ಶುರುಮಾಡಿದ್ದ ಡ್ರೈವರ್ ಗಾಬರಿಯಿಂದ ಕೂಗಿದ.

ಮೂರನೇ ಮಾಳಿಗೆಯ ಕಾಮತರು ಕೈ ತೆಗೆದು ನನ್ನತ್ತ ನೋಡಿದರು. "ಅಭ್ಯಾಸ ಆಗಿಬಿಟ್ಟಿದೆ ಅಕ್ಕ. ಅಣ್ಣನನ್ನು ಎಲ್ಲಿಗೆ ಕಳಿಸುವುದಿದ್ದರೂ ನಾವು ತಳ್ಳದೆ ಆಗ್ತಿರಲಿಲ್ಲ ಅಲ್ವಾ?"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ನಡೆಸುತ್ತಿದ್ದ ಹೋಟೆಲನ್ನು ತಮ್ಮನಿಗೆ ವಹಿಸಿದ ಮೇಲೆ ನಮ್ಮ ಮನೆಯವರು ಎರಡೇ ಸೀಟಿನ, ಮೇಲೆ ಛಾವಣಿಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದರು. ಒಂದು ಕಾಲದಲ್ಲಿ ಅದು ರೇಸಿನಲ್ಲಿ ಓಡಿತ್ತಂತೆ. ನಮ್ಮಲ್ಲಿಗೆ ಬಂದ ಮೊದಲ ವಾರವೇ ತಾನಾಗಿ ಸ್ಟಾರ್ಟ್ ಆಗುವುದನ್ನು ನಿಲ್ಲಿಸಿತು. ಅಂದಿನಿಂದ ಪ್ರತಿ ಭಾನುವಾರ ಇವರು ಕಪ್ಪು ಕನ್ನಡಕ ಹಾಕಿ ಮಹಾರಾಜರಂತೆ ಕೂರುವರು, ಪ್ರಜೆಗಳು ಬೆವರು ಸುರಿಸಿ ಗೇಟಿನವರೆಗೆ ತಳ್ಳುವರು. ಬಳಿಕ ನಮ್ಮ ಮನೆಯಲ್ಲಿ ಎಲ್ಲರಿಗೂ ಇಡ್ಲಿ. ಇಡ್ಲಿ ತಿನ್ನುತ್ತಲೇ ಕಾರಿಗೂ ಅದರ ಒಡೆಯನಿಗೂ ಬೈಗುಳ.

ಈಗ ಕಾರು ನನ್ನದು. ನಿಂತು ನಿಂತು ಕೆಟ್ಟುಹೋದೀತೆಂದು ಅವರೆಲ್ಲ ಇಂದಿಗೂ ಭಾನುವಾರ ಬಂದು ಬಾಗಿಲು ತಟ್ಟುತ್ತಾರೆ. ಮೊನ್ನೆ ಪಕ್ಕದ ಕೈಗಾರಿಕಾ ಪ್ರದೇಶವಾದ ವಾಗ್ಳೆ ಎಸ್ಟೇಟಿನ ಮೆಕ್ಯಾನಿಕ್ ಬಂದು, ಇನ್ನು ಮುಂದೆ ಕೀ ತಿರುಗಿಸಿದರೆ ಸಾಕು, ಯಾರೂ ತಳ್ಳಬೇಕಾಗದಂತೆ ಮಾಡಿಕೊಡುತ್ತೇನೆ ಎಂದ. ಬ್ರೇಕ್ ಸರಿಮಾಡು, ಅದೊಂದು ಹಾಗೆಯೇ ಇರಲಿ ಎಂದೆ.