ರೆಕ್ಕೆಗೂ ಒಂದು ಚೀಲ

ಇವತ್ತು ಬೆಳಿಗ್ಗೆ ಮಗಳು ಕಿಟಕಿ ಪಕ್ಕ ಕೂತು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅರಸೀಕೆರೆಯ ನಮ್ಮ ಸೋದರಮಾವನ ಕೊಬ್ಬರಿ ಗೋದಾಮಿಗೆ ಹೋಗಿಬಿಟ್ಟೆ. ಉಗುರುಬಣ್ಣಕ್ಕೂ ಕೊಬ್ಬರಿಗೂ ಎಲ್ಲಿಯ ನಂಟು ಅನ್ನುತ್ತೀರಾ? ಮಾವನ ವಿಮಾನದ ರೆಕ್ಕೆಗೆ ಹೊದಿಸಿದ ಬಟ್ಟೆ ಬಿಗಿಯಾಗಲೆಂದು ಬಳಿಯುತ್ತಿದ್ದ ಬಣ್ಣಕ್ಕೂ ಇದೇ ವಾಸನೆ.

ಹೌದು, ವಿಮಾನವೇ. ಮಾವ ಅದನ್ನು ಕೈಯಾರೆ ಕಟ್ಟಿದ್ದರು. ಅನುಮತಿ ಕಾಗದಗಳಿಗೆ ಅಲೆದದ್ದು ಬೇರೆಯೇ ಪುರಾಣ, ಅದನ್ನು ಶುರುಮಾಡಿದರೆ ನಿಮ್ಮ ಕಾಫಿ ಆರಿಹೋಗುತ್ತದೆ. ಅಟ್ಟದ ಮೇಲೆ ಕೊಬ್ಬರಿಯಾಗಲು ಒಣಗುವ ಕಾಯಿ, ಕೆಳಗೆ ಬಿಳಿ ರೆಕ್ಕೆ. ಹೆಂಚಿನ ಸಂದಿಯಿಂದ ಬಿಸಿಲು ಬಿದ್ದಾಗ ಬಟ್ಟೆಯೊಳಗಿನ ಮರದ ಪಟ್ಟಿಗಳು ತೆಂಗಿನ ಗರಿಯ ಕಡ್ಡಿಗಳಂತೆ ಕಾಣುತ್ತಿದ್ದವು. ಮಧ್ಯಾಹ್ನ ಉಂಡು ಆ ರೆಕ್ಕೆಯ ನೆರಳಲ್ಲಿ ಮಲಗಿದರೆ ಗೋದಾಮೇ ಮೆಲ್ಲಗೆ ನೆಲ ಬಿಟ್ಟಂತೆ ಅನ್ನಿಸುತ್ತಿತ್ತು.

ಮಾವ ಸುಮ್ಮನೆ ಕೂರುವವರಲ್ಲ. ಒಬ್ಬರೇ ಹಾರುವ ಆ ವಿಮಾನವನ್ನು ಸದಾ ತಿದ್ದುತ್ತಿದ್ದರು. ಒಂದು ವರ್ಷ ಚಕ್ರ ದೊಡ್ಡದಾಯಿತು, ಮರುವರ್ಷ ಪೆಟ್ರೋಲ್ ಟ್ಯಾಂಕು. ಕೊನೆಗೆ ಹಿಂದೆ ಇನ್ನೊಂದು ಸೀಟು ಕೂರಿಸಿದರು. ಅದು ಅತ್ತೆಗೆ. ಅತ್ತೆಯ ತವರು ಹಳೇಬೀಡು. ಅಲ್ಲಿಯ ಗುಡಿ ನಿಂತಿರುವ ಕಟ್ಟೆ ನಕ್ಷತ್ರದ ಆಕಾರ ಎಂದು ಚಿಕ್ಕಂದಿನಿಂದ ಕೇಳಿದ್ದವರು, ಅದನ್ನೊಮ್ಮೆ ಮೇಲಿಂದ ನೋಡಬೇಕೆನ್ನುತ್ತಿದ್ದರು. "ನೀನಿಲ್ದೆ ನಾನ್ ಆ ಕಡೆ ಹಾರಲ್ಲ ಕಣೇ," ಎಂದಿದ್ದರು ಮಾವ. ಹಾರಲೂ ಇಲ್ಲ.

ವರ್ಷಕ್ಕೊಮ್ಮೆ ವಿಮಾನವನ್ನು ಪೂರ್ತಿ ಬಿಚ್ಚಿ, ಒರೆಸಿ, ಎಣ್ಣೆ ಬಿಡುವುದು ವಾಡಿಕೆ. ಸೀಟು ಹಾಕಿದ ವರ್ಷ ಒಂದೊಂದು ಭಾಗವನ್ನೂ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ಮಾವ ಇಡುವುದು, ನಾನು ಬರೆಯುವುದು. ಆಗ ನಾನು ಅವರ ಅಂಗಡಿಯಲ್ಲಿ ಕೊಬ್ಬರಿ ತೂಕ ಬರೆದು ಪಳಗಿದವನು. ಮೂಟೆ ತೂಗಿದರೆ ಚೀಲದ ತೂಕಕ್ಕೆ 'ಚೀಲ ಒಂದು' ಎಂದು ಬರೆದು ಒಂದು ಕೆಜಿ ಕಳೆಯಬೇಕು. ನನ್ನ ಕೈ ರೆಕ್ಕೆಗೂ ಒಂದು ಕೆಜಿ ಕಳೆಯಿತು, ಚಕ್ರಕ್ಕೂ ಕಳೆಯಿತು. ಹೀಗೆ ನಲವತ್ತೊಂದು ಸಲ.

ಕಣಕಟ್ಟೆ ಕಡೆಯ ಬಯಲಲ್ಲಿ ಅತ್ತೆ ಸೆರಗು ಬಿಗಿದು ಕೂತರು. ವಿಮಾನ ಓಡಿತು, ಓಡಿತು, ಏಳಲೇ ಇಲ್ಲ. ರಾಗಿ ಹೊಲದ ಬೇಲಿ ಎದುರಾದಾಗ ಮಾವ ಇಂಜಿನ್ ನಿಲ್ಲಿಸಿದರು. ಅತ್ತೆ ಇಳಿದು ಸೀರೆ ಕೊಡವಿಕೊಂಡು, "ನನ್ ಭಾರಕ್ಕೆ ಏಳ್ಲಿಲ್ಲ ಬಿಡಿ," ಎಂದರು.

ಮರುದಿನ ತೂಕದ ಪುಸ್ತಕ ತಿರುವಿದಾಗ ಗೊತ್ತಾಯಿತು, ವಿಮಾನ ನಾನು ಬರೆದದ್ದಕ್ಕಿಂತ ನಲವತ್ತೊಂದು ಕೆಜಿ ಹೆಚ್ಚು ಭಾರವಿತ್ತು. ಮಾವನಿಗೆ ಹೇಳಿದೆ. "ಅದು ಅಂಗ್ಡಿ ಕೈ ಕಣ್ಲಾ, ನಿಂದಲ್ಲ," ಎಂದರು. ಅತ್ತೆಗೆ ನನ್ನ ಹೆಸರೆತ್ತದೆ, ತೂಕ ತಪ್ಪಿತ್ತು ಎಂದಷ್ಟೇ ತಿಳಿಸಿದರು. "ನನ್ನ ಸಮಾಧಾನಕ್ಕೆ ಹೇಳ್ತೀರಿ," ಅಂದರು ಅತ್ತೆ.

ಆಮೇಲೆ ಮಾವ ವರ್ಷ ವರ್ಷವೂ ಭಾರ ಇಳಿಸಿದರು. ದೊಡ್ಡ ಟ್ಯಾಂಕು ಹೋಗಿ ಚಿಕ್ಕದು ಬಂತು, ಮರದ ಸೀಟು ಹೋಗಿ ಬೆತ್ತದ್ದು ಬಂತು. ಹಿಂದಿನ ಸೀಟಿನಲ್ಲಿ ಮರಳಿನ ಮೂಟೆ ಕಟ್ಟಿ ಹಾರಿಸಿಯೂ ತೋರಿಸಿದರು. ಅತ್ತೆ ನಕ್ಕರು, ಹತ್ತಲಿಲ್ಲ. ಇತ್ತ ನನಗೆ ಮದುವೆಯಾಯಿತು, ಬೇಲೂರಿನಲ್ಲಿ ಕೆಲಸವಾಯಿತು. ಅತ್ತೆ ಬಡಿಸಿದ್ದನ್ನು ಹಬ್ಬಹಬ್ಬಕ್ಕೂ ಉಂಡು ಬಂದೆ, ಬಾಯಿ ಮಾತ್ರ ಬಿಡಲಿಲ್ಲ. ಪುಕ್ಕಲ ನಾನು.

ಮಗಳ ಉಗುರು ಆರುವಷ್ಟರಲ್ಲಿ ನನ್ನ ಬಳಿಯೇ ಉಳಿದಿದ್ದ ಆ ಹಳೇ ಪುಸ್ತಕವನ್ನು ಹುಡುಕಿ ತೆಗೆದು ಅರಸೀಕೆರೆ ಬಸ್ಸು ಹತ್ತಿದ್ದೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಗುಡಿಯ ಕಡೆ ನೋಡಲಾಗಲಿಲ್ಲ.

ಮಾವನ ಮನೆಯಲ್ಲಿ ಪುಸ್ತಕವನ್ನು ಅತ್ತೆಯ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "ರೆಕ್ಕೆ, ಚೀಲ ಒಂದು. ಸೀಟು, ಚೀಲ ಒಂದು." ಬೆರಳು ಅಲ್ಲೇ ನಿಂತಿತು. "ಬರೆದೋನು ನಾನೇ ಅತ್ತೆ," ಎಂದೆ.

"ಹನ್ನೆರಡು ವರ್ಷ ಕಣೋ," ಎಂದರು. ಬೈದಿದ್ದರೆ ಸುಲಭವಾಗುತ್ತಿತ್ತು. ನನಗೆ ಅಳು ಬಂತು.

ಅವರು ಎದ್ದು ಗೋದಾಮಿಗೆ ನಡೆದು, ಚಪ್ಪಲಿ ಬಿಟ್ಟು, ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತರು. ರೆಕ್ಕೆಗೆ ಬಣ್ಣ ಬಳಿಯುತ್ತಿದ್ದ ಮಾವ ಬ್ರಷ್ಷು ಹಿಡಿದ ಕೈಯನ್ನು ಹಾಗೇ ತಡೆದು ನೋಡಿದರು.

"ಬರ್ಕೋ," ಎಂದರು ಅತ್ತೆ ನನಗೆ. "ಚೀಲ ಕಳೀಬೇಡ."